ಡಾಕ್ಟರಿಗೆ ಕೇಳಿ: ‘ವೆಜ್ ಕೊಲಾಜನ್’ ಕುಡಿದರೆ ಬಂಗು ಹೋಗುತ್ತಾ?

ಪ್ರಶ್ನೆ (ಗದಗ, ಹೈಸ್ಕೂಲ್ ಟೀಚರ್, 44 ವರ್ಷ):
ನಮಸ್ಕಾರ ಡಾಕ್ಟ್ರೇ. ನನಗೆ ಎರಡೂ ಕೆನ್ನೆಗೆ ಬಂಗು ಬಂದಿದೆ. ಕಣ್ಣಿನ ಪಕ್ಕ ಗೆರೆ ಬೀಳುತ್ತಿವೆ. ನಮ್ಮ ಓಣಿಯಲ್ಲಿ ಒಬ್ಬರು ‘ವೆಜ್ ಕೊಲಾಜನ್’ ಅಂತ ಪುಡಿ ಮಾರುತ್ತಾರೆ. ಪೂರ್ತಿ ಗಿಡದ್ದು, ಸೈಡ್ ಎಫೆಕ್ಟ್ ಇಲ್ಲ, ಮೂರು ತಿಂಗಳಲ್ಲಿ ಹತ್ತು ವರ್ಷ ಚಿಕ್ಕವರಾಗಿ ಕಾಣ್ತೀರಿ ಅಂದರು. ನಾವು ತತ್ತಿ ಸಹ ತಿನ್ನೋದಿಲ್ಲ, ಅದಕ್ಕೇ ಇದು ಚಲೋ ಅನ್ನಿಸಿತು. ಎರಡು ಡಬ್ಬಿ ಮುಗಿದಿವೆ. ಮುಂದುವರಿಸಲಾ? ಇದಕ್ಕೆ ಏನಾದರೂ ಪುರಾವೆ ಇದೆಯಾ?

ಉತ್ತರ (ಚರ್ಮರೋಗ ವೈದ್ಯೆ, ಹುಬ್ಬಳ್ಳಿ):
ನಮಸ್ಕಾರ ಟೀಚರ್. ಮೊದಲು ಆ ಹೆಸರಿನ ವಿಷಯ. ಕೊಲಾಜನ್ ಅಂದರೆ ಚರ್ಮವನ್ನು ಗಟ್ಟಿಯಾಗಿ ಹಿಡಿದಿಡುವ ಪ್ರೋಟೀನ್. ಯಾವ ಗಿಡದಲ್ಲೂ ಅದು ಇರುವುದಿಲ್ಲ. ಅಂಗಡಿಯಲ್ಲಿ ಸಿಗುವ ನಿಜವಾದ ಕೊಲಾಜನ್ ಪುಡಿಯನ್ನು ಮೀನು, ದನದಂಥ ಪ್ರಾಣಿಗಳ ಚರ್ಮ, ಎಲುಬಿನಿಂದ ತೆಗೆಯುತ್ತಾರೆ. ‘ವೆಜ್’ ಅಂತ ಬರೆದ ಡಬ್ಬಿಗಳಲ್ಲಿ ಹೆಚ್ಚಾಗಿ ವಿಟಮಿನ್ ಸಿ, ಬಯೋಟಿನ್ ಎಂಬ ಇನ್ನೊಂದು ವಿಟಮಿನ್, ಜೊತೆಗೆ ಒಂದಷ್ಟು ಗಿಡದ ಸಾರ ಇರುತ್ತವೆ.

ವಿಟಮಿನ್ ಸಿ ಇಲ್ಲದೆ ದೇಹಕ್ಕೆ ಗಟ್ಟಿ ಕೊಲಾಜನ್ ಹೆಣೆಯಲು ಬರುವುದಿಲ್ಲ, ಅದು ನಿಜ. ಆದರೆ ಅದಕ್ಕೆ ಡಬ್ಬಿ ಏಕೆ? ಹೆಂಗಸರಿಗೆ ದಿನಕ್ಕೆ 65 ಮಿಲಿಗ್ರಾಂ ಸಾಕು ಅನ್ನುತ್ತದೆ ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್. ಪೇರಲ ಹಣ್ಣಿನಲ್ಲಿ 100 ಗ್ರಾಂಗೆ 200 ಮಿಲಿಗ್ರಾಂ ಆಸುಪಾಸು ಇರುತ್ತದೆ. ಧಾರವಾಡದ ಪೇರಲ ಬುಟ್ಟಿ ನಿಮ್ಮೂರಿಗೂ ಬರುತ್ತದಲ್ವಾ? ಅರ್ಧ ಹಣ್ಣು ತಿಂದರೆ ಆ ದಿನದ ಲೆಕ್ಕ ಮುಗಿಯಿತು.

ಪ್ರಾಣಿಯಿಂದ ತೆಗೆದ ಕೊಲಾಜನ್ನಿನದೂ ದೊಡ್ಡ ಕಥೆ ಏನಲ್ಲ. 23 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ ಒಂದು ವಿಶ್ಲೇಷಣೆ 2025ರಲ್ಲಿ ಬಂತು. ಎಲ್ಲ ಸೇರಿಸಿ ನೋಡಿದಾಗ ಲಾಭ ಕಂಡಿತು. ಕಂಪನಿಯ ದುಡ್ಡಿಲ್ಲದೆ ನಡೆದವನ್ನು ಮಾತ್ರ ಬೇರೆ ಮಾಡಿ ನೋಡಿದಾಗ ಕಾಣಲಿಲ್ಲ.

ಹಾಗಂತ ಗಿಡದ ಆಹಾರದಿಂದ ಚರ್ಮಕ್ಕೆ ಏನೂ ಇಲ್ಲ ಅಂತ ನಾನು ಹೇಳುವುದಿಲ್ಲ. ಜರ್ಮನಿಯಲ್ಲಿ ಕೆಲವರಿಗೆ ದಿನಾ 40 ಗ್ರಾಂ ಟೊಮೆಟೊ ಪೇಸ್ಟನ್ನು 10 ಗ್ರಾಂ ಆಲಿವ್ ಎಣ್ಣೆ ಜೊತೆ 10 ವಾರ ತಿನ್ನಿಸಿದರು. ಆಮೇಲೆ ಚರ್ಮಕ್ಕೆ ಯುವಿ ಬೆಳಕು, ಅಂದರೆ ಬಿಸಿಲಿನಲ್ಲಿರುವ ಕಣ್ಣಿಗೆ ಕಾಣದ ಕಿರಣ, ಬಿಟ್ಟರು. ಪೇಸ್ಟ್ ತಿನ್ನದವರಿಗಿಂತ ಅವರ ಚರ್ಮ ಸುಮಾರು 40 ಪರ್ಸೆಂಟ್ ಕಡಿಮೆ ಕೆಂಪಾಯಿತು. ಅದು ಟೊಮೆಟೊದ ಕೆಂಪು ಬಣ್ಣ ಲೈಕೊಪೀನ್‌ನ ಕೆಲಸ ಇರಬಹುದು. 2001ರ ಈ ಪ್ರಯೋಗ ತುಂಬಾ ಚಿಕ್ಕದು, ಬಂಗು, ಸುಕ್ಕಿನ ಬಗ್ಗೆ ಅಲ್ಲ. ಆದರೆ ನಮ್ಮ ಅಡುಗೆಮನೆಗೆ ಒಂದು ಮಾತು ಸಿಕ್ಕಿತು: ಲೈಕೊಪೀನ್ ಮೈಗೆ ಚೆನ್ನಾಗಿ ಹತ್ತಬೇಕಾದರೆ ಟೊಮೆಟೊ ಬೇಯಬೇಕು, ಎಣ್ಣೆ ಸೇರಬೇಕು. ನಾವು ಶೇಂಗಾ ಎಣ್ಣೆಯ ಒಗ್ಗರಣೆ ಹಾಕಿ ಬಾಡಿಸುವ ಟೊಮೆಟೊ ಚಟ್ನಿ ಅದನ್ನೇ ಮಾಡುತ್ತದೆ. ಅಗಸಿ ಎಣ್ಣೆಯ ಮೇಲೂ ಅಲ್ಲಿ 12 ವಾರದ ಒಂದು ಸಣ್ಣ ಪ್ರಯೋಗ ಆಗಿದೆ. ಹೆಂಗಸರ ಚರ್ಮದ ಒರಟುತನ ಕಡಿಮೆ ಆಯಿತು. ರೊಟ್ಟಿ ಜೊತೆ ಅಗಸಿ ಚಟ್ನಿ ಬಿಡಬೇಡಿ.

ಈಗ ನಾನು ಎಲ್ಲರಿಗೂ ಹೇಳುವ ಪ್ರಯೋಗ. ಆಸ್ಟ್ರೇಲಿಯಾದ ನ್ಯಾಂಬೂರ್ ಎಂಬ ಊರಿನಲ್ಲಿ ನಾಲ್ಕೂವರೆ ವರ್ಷ ನಡೆಯಿತು. ಕೆಲವರಿಗೆ ದಿನಾ ಸನ್‌ಸ್ಕ್ರೀನ್ ಹಚ್ಚಲು ಹೇಳಿದರು, ಉಳಿದವರಿಗೆ ತಮಗೆ ಬೇಕೆನಿಸಿದಾಗ ಹಚ್ಚಿಕೊಳ್ಳಿ ಅಂದರು. ಅವರಲ್ಲೇ ಅರ್ಧ ಜನಕ್ಕೆ ಕ್ಯಾರೆಟ್ಟಿನಲ್ಲಿರುವ ಬಣ್ಣ ಬೀಟಾ ಕ್ಯಾರೊಟೀನ್‌ನ 30 ಮಿಲಿಗ್ರಾಂ ಗುಳಿಗೆ, ಇನ್ನರ್ಧಕ್ಕೆ ಔಷಧಿಯಿಲ್ಲದ ಗುಳಿಗೆ. 55 ವರ್ಷದೊಳಗಿನ 903 ಜನರ ಚರ್ಮ ಎಷ್ಟು ವಯಸ್ಸಾಗಿದೆ ಅಂತ ಕೈಹಿಂಭಾಗದ ಅಚ್ಚು ತೆಗೆದು ನೋಡಿದರು. 2013ರಲ್ಲಿ ಫಲಿತಾಂಶ ಬಂತು. ದಿನಾ ಹಚ್ಚಿದವರಲ್ಲಿ ಚರ್ಮಕ್ಕೆ ವಯಸ್ಸಾಗುವುದು 24 ಪರ್ಸೆಂಟ್ ಕಡಿಮೆ. ಗುಳಿಗೆ ನುಂಗಿದವರಲ್ಲಿ ಒಟ್ಟಾರೆ ಏನೂ ವ್ಯತ್ಯಾಸ ಇಲ್ಲ. ಒಂದೇ ಊರು, ಅದೇ ಜನ, ಅದೇ ಬಿಸಿಲು.

ನಂಬಿಕೆ ಬರದಿದ್ದರೆ ಈಗಲೇ ತೋಳಿನ ಒಳಭಾಗವನ್ನು ಮುಂಗೈಯ ಹೊರಭಾಗದ ಪಕ್ಕ ಇಟ್ಟು ನೋಡಿ. ಎರಡಕ್ಕೂ ವಯಸ್ಸು ಒಂದೇ, ಊಟ ಒಂದೇ. ನನ್ನ ಹತ್ತಿರ ಬರುವ ಬಸ್ ಡ್ರೈವರ್‌ಗಳಿಗೆ ಬಲಗೆನ್ನೆ, ಬಲಗೈ ಜಾಸ್ತಿ ಕಪ್ಪಾಗಿ ದಪ್ಪಗಾಗಿರುತ್ತವೆ. ಕಿಟಕಿ ಆ ಕಡೆ ಇದೆ. ಯುವಿಯಲ್ಲೇ ಯುವಿಎ ಎಂಬ ಒಂದು ಬಗೆ ಗಾಜನ್ನೂ ದಾಟಿ ಬರುತ್ತದೆ.

ಟೀಚರ್, ನೀವು ಬೆಳಗಿನ ಪ್ರಾರ್ಥನೆಗೆ ಮೈದಾನದಲ್ಲಿ ನಿಲ್ಲುತ್ತೀರಿ. ಮಾರ್ಚ್, ಏಪ್ರಿಲ್‌ನಲ್ಲಿ ಗದಗಿನ ಬಿಸಿಲು ಗೊತ್ತೇ ಇದೆ. ಎಸ್‌ಪಿಎಫ್ 30ಕ್ಕಿಂತ ಮೇಲಿನ, ಬಣ್ಣ ಸೇರಿಸಿದ ಸನ್‌ಸ್ಕ್ರೀನ್ ತಗೊಳ್ಳಿ. ಅದರಲ್ಲಿ ಐರನ್ ಆಕ್ಸೈಡ್ ಇರಬೇಕು. ಬಂಗು ಕಣ್ಣಿಗೆ ಕಾಣುವ ಬೆಳಕಿಗೂ ಕಪ್ಪಾಗುತ್ತದೆ, ಬಿಳಿ ಕ್ರೀಮ್ ಆ ಬೆಳಕನ್ನು ಪೂರ್ತಿ ತಡೆಯುವುದಿಲ್ಲ. ತೋರುಬೆರಳು, ನಡುಬೆರಳಿನ ಉದ್ದಕ್ಕೂ ಎರಡು ಗೆರೆ ಹಿಂಡಿದರೆ ಮುಖ, ಕುತ್ತಿಗೆಗೆ ಸಾಕು. ಬಿಸಿಲಲ್ಲೇ ಇದ್ದರೆ ಎರಡು ತಾಸಿಗೊಮ್ಮೆ ಮತ್ತೆ ಹಚ್ಚಿ. ಛತ್ರಿ ಹಿಡಿಯಲು ಸಂಕೋಚ ಬೇಡ. ಚೀಟಿ ಇಲ್ಲದೆ ಸಿಗುವ ‘ಬೆಳ್ಳಗಾಗುವ’ ಟ್ಯೂಬ್ ಮಾತ್ರ ಮುಟ್ಟಬೇಡಿ. ಅಂಥ ಎಷ್ಟೋ ಟ್ಯೂಬ್‌ಗಳಲ್ಲಿ ಸ್ಟಿರಾಯ್ಡ್ ಇರುತ್ತದೆ, ಮುಖ ಕೆಡಿಸುತ್ತದೆ.

ಪ್ರಶ್ನೆ (ಹಾವೇರಿ):
ಅಕ್ಕಾರೇ, ನಮ್ಮ ಮನೆಯವರು ಇಪ್ಪತ್ತು ವರ್ಷದಿಂದ ಬೀಡಿ ಸೇದುತ್ತಾರೆ. ಮುಖ ಬಾಡಿದೆ. ಅವರಿಗೆ ಈ ಬೀಟಾ ಕ್ಯಾರೊಟೀನ್ ಗುಳಿಗೆ ಕೊಡಬಹುದಾ? ಕ್ಯಾರೆಟ್ಟಿನದೇ ಅಲ್ವಾ?

ಉತ್ತರ:
ದಯವಿಟ್ಟು ಕೊಡಬೇಡಿ ತಂಗಿ. ಫಿನ್ಲೆಂಡಿನಲ್ಲಿ 29,000ಕ್ಕೂ ಹೆಚ್ಚು ಸಿಗರೇಟ್ ಸೇದುವ ಗಂಡಸರ ಮೇಲೆ ಪ್ರಯೋಗ ಮಾಡಿದರು. ಕ್ಯಾನ್ಸರ್ ತಡೆಯಬಹುದು ಅನ್ನುವ ಆಸೆಯಿಂದಲೇ ದಿನಾ 20 ಮಿಲಿಗ್ರಾಂ ಕೊಟ್ಟರು. 1994ರಲ್ಲಿ ನೋಡಿದರೆ ಗುಳಿಗೆ ತಗೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ 18 ಪರ್ಸೆಂಟ್ ಜಾಸ್ತಿ ಆಗಿತ್ತು. ಕ್ಯಾರೆಟ್ ಪಲ್ಯ, ಮೆಂತ್ಯೆ ಪಲ್ಯ, ನಿಮ್ಮೂರ ಬ್ಯಾಡಗಿ ಮೆಣಸಿನಕಾಯಿ, ಎಲ್ಲದರಲ್ಲೂ ಈ ಕುಲದ ಬಣ್ಣಗಳಿವೆ. ಊಟದಲ್ಲಿ ಧಾರಾಳವಾಗಿ ತಿನ್ನಲಿ, ಅದರಿಂದ ಈ ಅಪಾಯ ಇಲ್ಲ. ಅವರ ಮುಖಕ್ಕೂ ಎದೆಗೂ ಬೇಕಾಗಿರುವುದು ಬೀಡಿ ಬಿಡುವುದು. ಕರ್ಕೊಂಡು ಬನ್ನಿ, ಅದಕ್ಕೆ ಗುಳಿಗೆ, ಚ್ಯೂಯಿಂಗ್ ಗಮ್ ಎಲ್ಲ ಇವೆ.

ಪ್ರಶ್ನೆ (ಧಾರವಾಡ, ನಿವೃತ್ತ ನೌಕರ):
ಅರಿಶಿನದ ಕ್ಯಾಪ್ಸೂಲ್, ಕರಿಮೆಣಸು ಸೇರಿಸಿದ್ದು, ದಿನಾ ಎರಡು ತಗೊಳ್ತೀನಿ. ಮುದಿತನ ತಡೆಯುತ್ತದೆ ಅಂತಾರೆ. ಮನೆಯ ಅರಿಶಿನದಿಂದ ಯಾರಿಗೆ ಏನಾಗಿದೆ?

ಉತ್ತರ:
ಸಾರಿನ ಚಿಟಿಕೆ ಅರಿಶಿನದಿಂದ ಯಾರಿಗೂ ಏನೂ ಆಗಿಲ್ಲ ಸರ್. ಕ್ಯಾಪ್ಸೂಲ್ ಬೇರೆ. ಅರಿಶಿನದ ಕರ್ಕ್ಯುಮಿನ್ ಸುಮ್ನೆ ತಿಂದರೆ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು 1998ರಲ್ಲಿ 2 ಗ್ರಾಂ ಕರ್ಕ್ಯುಮಿನ್ ಜೊತೆ ಕರಿಮೆಣಸಿನ ಖಾರದ ಅಂಶ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ ಅದು ಇಪ್ಪತ್ತು ಪಟ್ಟು ಏರಿತು. ಕಂಪನಿಗಳು ಅದನ್ನೇ ಹಿಡಿದುಕೊಂಡವು. ಹೀಗೆ ಏರಿಸಿದ ಅರಿಶಿನದಿಂದ ಲಿವರ್ ಊದಿಕೊಂಡವರ ವರದಿಗಳು ಅಮೆರಿಕ, ಇಟಲಿಯಿಂದ ಬಂದಿವೆ. ಎಲ್ಲರಿಗೂ ಆಗುವುದಿಲ್ಲ, ಆದರೆ ಯಾರಿಗೆ ಆಗುತ್ತದೆ ಅಂತ ಮೊದಲೇ ಹೇಳಲು ಬರುವುದಿಲ್ಲ. ಪೈಪರಿನ್ ಬೇರೆ ಔಷಧಿಗಳ ಮಟ್ಟವನ್ನೂ ಏರಿಸಬಹುದು. ನಿಲ್ಲಿಸಿ. ಮೂತ್ರ ಕಡು ಹಳದಿಯಾಗಿದ್ದರೆ, ಊಟ ಸೇರದಿದ್ದರೆ ಇವತ್ತೇ ಲಿವರ್ ಟೆಸ್ಟ್ ಮಾಡಿಸಿ.

ಗದಗಿನ ಟೀಚರ್:
ಡಾಕ್ಟ್ರೇ, ಡಬ್ಬಿಯ ಹಿಂಭಾಗದ ಫೋಟೋ ಹಾಕಿದ್ದೇನೆ. ಬಯೋಟಿನ್ 10,000 ಮೈಕ್ರೋಗ್ರಾಂ ಅಂತಿದೆ. ಮತ್ತೊಂದು, ನಾನು ಥೈರಾಯ್ಡ್ ಗುಳಿಗೆ ತಗೊಳ್ತೀನಿ. ಹೋದ ತಿಂಗಳು ಥೈರಾಯ್ಡ್ ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ ಒಮ್ಮೆಲೇ ಕಡಿಮೆ ಬಂತು ಅಂತ ಗುಳಿಗೆಯನ್ನು 75 ಇದ್ದದ್ದು 50ಕ್ಕೆ ಇಳಿಸಿದರು. ಈಗ ಸುಸ್ತು ಜಾಸ್ತಿ.

ಉತ್ತರ:
ಇದನ್ನು ಹೇಳಿದ್ದು ಬಹಳ ಒಳ್ಳೆಯದಾಯಿತು. ದೊಡ್ಡವರಿಗೆ ದಿನಕ್ಕೆ 30-40 ಮೈಕ್ರೋಗ್ರಾಂ ಬಯೋಟಿನ್ ಸಾಕು. ಇಷ್ಟೊಂದು ಇದ್ದರೆ ಲ್ಯಾಬಿನ ಕೆಲವು ಯಂತ್ರಗಳ ಲೆಕ್ಕ ತಪ್ಪುತ್ತದೆ. ಟಿಎಸ್‌ಎಚ್ ಸುಳ್ಳಾಗಿ ಕಡಿಮೆ, ಥೈರಾಯ್ಡ್ ಹಾರ್ಮೋನ್ ಟಿ4 ಸುಳ್ಳಾಗಿ ಜಾಸ್ತಿ ತೋರಿಸುತ್ತದೆ. ಅದನ್ನು ನೋಡಿದರೆ ಗುಳಿಗೆ ಜಾಸ್ತಿ ಆದಂತೆ ಕಾಣುತ್ತದೆ. ನಿಮ್ಮ ಥೈರಾಯ್ಡ್ ಸರಿಯಾಗೇ ಇದ್ದಿರಬಹುದು, ಪುಡಿಯಿಂದ ರಿಪೋರ್ಟ್ ಕೆಟ್ಟಿರಬಹುದು. ಪುಡಿ ಇವತ್ತೇ ನಿಲ್ಲಿಸಿ. ಥೈರಾಯ್ಡ್ ಗುಳಿಗೆಯನ್ನು ಮಾತ್ರ ನೀವಾಗಿಯೇ ಏರಿಸಬೇಡಿ. ಮೂರು ದಿನ ಬಿಟ್ಟು ಮತ್ತೆ ರಕ್ತ ಕೊಡಿ. ಡಬ್ಬಿಯನ್ನು ಎಸೆಯದೆ ನಿಮ್ಮ ಡಾಕ್ಟರ್ ಹತ್ತಿರ ತಗೊಂಡು ಹೋಗಿ ತೋರಿಸಿ.