ಸಹಾಯ ಬೇಕು: ಶಿರಾ, ಮಧುಗಿರಿ ಕಡೆಯ ಹಳೇ ಎಲ್‌ಐಸಿ ಏಜೆಂಟರು ಇದ್ದೀರಾ?
ನಮಸ್ಕಾರ. ನಮ್ಮ ಪಕ್ಕದ ಮನೆ ಅಜ್ಜಿಯ ಟ್ರಂಕಿನಲ್ಲಿ ಅವರ ಯಜಮಾನರು ಕಟ್ಟಿದ ಎಲ್‌ಐಸಿ ಕಂತಿನ ರಸೀದಿ ಸಿಕ್ಕಿದೆ. ಯಜಮಾನರು ಈಗಿಲ್ಲ. ಬಾಂಡೂ ಇಲ್ಲ. ರಸೀದಿ ಮಡಚಿದ ಕಡೆಯೇ ಹರಿದು, ಪಾಲಿಸಿ ನಂಬರಿನ ಕೊನೆಯ ಅಂಕಿಗಳು ಹೋಗಿಬಿಟ್ಟಿವೆ. ಎಲ್‌ಐಸಿ ವೆಬ್‌ಸೈಟಿನಲ್ಲಿ ಹುಡುಕೋಣ ಅಂದರೆ ಹೆಸರಿನ ಜೊತೆ ಹುಟ್ಟಿದ ದಿನಾಂಕ ಕೇಳುತ್ತದೆ. ಆ ಕಾಲದವರದ್ದು ಯಾರು ಬರೆದಿಟ್ಟಿರುತ್ತಾರೆ, ಅಲ್ವಾ?

10 ವರ್ಷ ಯಾರೂ ಕೇಳದ ಹಣ ಹಿರಿಯ ನಾಗರಿಕರ ಕಲ್ಯಾಣ ನಿಧಿಗೆ ಹೋಗುತ್ತದೆ. ಹೋದ ಮೇಲೂ 25 ವರ್ಷದೊಳಗೆ ಕೇಳಿ ಪಡೆಯಬಹುದು. ಅದಕ್ಕೇ ಆಸೆ ಬಿಟ್ಟಿಲ್ಲ.

ಅರ್ಧ ನಂಬರ್ ಇಟ್ಟುಕೊಂಡು ಹಳೇ ದಾಖಲೆ ಹುಡುಕಿಸಲು ಯಾರಿಗೆ ಅರ್ಜಿ ಕೊಡಬೇಕು? ಗೊತ್ತಿದ್ದವರು ದಯವಿಟ್ಟು ತಿಳಿಸಿ. ಕಮಿಷನ್ ಕೇಳುವವರು ಬೇಡ, ಅಜ್ಜಿಯ ದುಡ್ಡು ಪೂರ್ತಿ ಅಜ್ಜಿಗೇ ಸೇರಬೇಕು. ರಸೀದಿ ಫೋಟೊ ಇಲ್ಲಿ ಹಾಕುವುದಿಲ್ಲ, ತುಮಕೂರಿಗೇ ತಂದು ತೋರಿಸುತ್ತೇನೆ.