ಪಕ್ಕದವನ ಜಾಹೀರಾತಿನ ಮೇಲೆ ದೂರು ಕೊಡೋದು ಸರಿನಾ, ಅದು ಚಾಡಿ ಆಗುತ್ತಾ?

ನೀಲಿ ಉಗುರು, ಬಳ್ಳಾರಿ

ಕೌಲ್ ಬಜಾರಿನಲ್ಲಿ ನಮ್ಮದೊಂದು ಸಣ್ಣ ಜೀನ್ಸ್ ಯೂನಿಟ್ ಇದೆ. ಹನ್ನೆರಡು ಮಷೀನು, ಅಷ್ಟೆ. ಮೊದಲು ಬರೀ ಹೋಲ್‌ಸೇಲ್. ಎರಡು ವರ್ಷದಿಂದ ಗೂಗಲ್‌ನಲ್ಲಿ ಜಾಹೀರಾತು ಹಾಕಿ ನೇರವಾಗಿ ಗಿರಾಕಿಗೆ ಮಾರುತ್ತಿದ್ದೇವೆ.

ಇಲ್ಲೇ ಇನ್ನೊಬ್ಬ ಇದ್ದಾನೆ, ಹೆಸರು ಬೇಡ. ಮೂರು ಹೆಸರಲ್ಲಿ ಮೂರು ವೆಬ್‌ಸೈಟ್ ಮಾಡಿದ್ದಾನೆ. ಬಳ್ಳಾರಿ ಜೀನ್ಸ್ ಅಂತ ಹುಡುಕಿದರೆ ಮೇಲೆ ಬರುವ ನಾಲ್ಕು ಜಾಹೀರಾತಿನಲ್ಲಿ ಮೂರು ಅವನವೇ. ಹೇಗೆ ಗೊತ್ತು ಅಂತೀರಾ? ಮೂರರಲ್ಲೂ ಸೈಜ್ ತೋರಿಸುವ ಫೋಟೋ ಒಂದೇ. ಟೇಪ್ ಹಿಡಿದ ಅದೇ ಹೆಬ್ಬೆರಳು, ಉಗುರಿಗೆ ಅಂಟಿದ ಅದೇ ನೀಲಿ. ಜಾಗಕ್ಕೆ ಪೈಪೋಟಿ ಏರಿ, ಯಾರಾದರೂ ನನ್ನ ಜಾಹೀರಾತು ಒತ್ತಿದಾಗಲೆಲ್ಲ ಗೂಗಲ್‌ಗೆ ಕಟ್ಟಬೇಕಾದ ದುಡ್ಡು, ಕ್ಲಿಕ್ಕಿಗೆ 6 ರೂಪಾಯಿ ಇದ್ದದ್ದು, ಈಗ 11 ಆಗಿದೆ.

ಇನ್ನೊಂದು, 2,999 ಅಂತ ಬರೆದು ಅಡ್ಡಗೆರೆ ಎಳೆದು 499 ಅಂತ ಹಾಕುತ್ತಾನೆ. ಆ ಪ್ಯಾಂಟು ಯಾವತ್ತೂ 2,999ಕ್ಕೆ ಮಾರಿದ್ದಲ್ಲ. ಬಟ್ಟೆ, ಹೊಲಿಗೆ, ವಾಷಿಂಗ್ ಎಷ್ಟು ಬೀಳುತ್ತೆ ಅಂತ ನನಗೆ ಗೊತ್ತಿಲ್ವಾ?

ಕಡೆಯದು ಹೇಳಲು ನಾಲಿಗೆ ತಡೆಯುತ್ತೆ. ನಮ್ಮಿಬ್ಬರ ಮಾಲಿಗೂ ಫಿನಿಶಿಂಗ್ ಆಗೋದು ಒಂದೇ ಕಡೆ. ಹೋದ ವಾರ ಅಲ್ಲಿ ಒಬ್ಬ ಅಕ್ಕ ಅವನ ಪ್ಯಾಂಟಿನ ಸೊಂಟಪಟ್ಟಿಗೆ ದೊಡ್ಡ ಕಂಪನಿಯೊಂದರ ಚರ್ಮದ ಲೇಬಲ್ ಹೊಲಿಯುತ್ತಿದ್ದರು. ಪಕ್ಕದಲ್ಲಿ ಒಂದು ಚೀಲ ತುಂಬ ಲೇಬಲ್. ಜಾಹೀರಾತಿನಲ್ಲಿ 'ಒರಿಜಿನಲ್' ಅಂತಿದೆ.

ರಿಪೋರ್ಟ್ ಮಾಡೋಕೆ ಕೈ ಹೋಗುತ್ತೆ, ಆಮೇಲೆ ಹಿಂದೆ ಬರುತ್ತೆ. ಅವನ ಹತ್ತಿರ ಹೊಲಿಯುವವರು ನಮ್ಮ ಓಣಿಯವರೇ. ನಾನು ಮಾಡುತ್ತಿರುವುದು ನ್ಯಾಯನಾ, ಹೊಟ್ಟೆಕಿಚ್ಚಾ? ನೇರವಾಗಿ ಹೇಳಿ.

ಕ್ಲಿಕ್ ಲೆಕ್ಕ, ರಾಯಚೂರು

ಹತ್ತಿ ಬೀಜದವರಿಗೂ ಅಕ್ಕಿ ಮಿಲ್ಲಿನವರಿಗೂ ಜಾಹೀರಾತು ನಡೆಸಿ ಕೊಡುವುದೇ ನನ್ನ ಕೆಲಸ. ಇಂಥ ಫೋನ್ ವಾರಕ್ಕೊಂದು ಬರುತ್ತೆ. ನಿಮ್ಮ ಮೂರೂ ದೂರನ್ನು ಒಂದೇ ಚೀಲಕ್ಕೆ ತುಂಬಬೇಡಿ.

ಮೂರು ಹೆಸರಿನ ಆಟ ಗೂಗಲ್‌ನ ನಿಯಮಕ್ಕೆ ವಿರುದ್ಧ. ಒಂದು ಹುಡುಕಾಟದಲ್ಲಿ ಒಂದೇ ಜಾಗದಲ್ಲಿ ಒಂದು ವ್ಯಾಪಾರದ ಒಂದಕ್ಕಿಂತ ಜಾಸ್ತಿ ಜಾಹೀರಾತು ಬರಬಾರದು. 2025ರಲ್ಲಿ ಇದನ್ನು ಇನ್ನಷ್ಟು ಬಿಡಿಸಿ ಹೇಳಿದರು. ಮೇಲೊಂದು ಕೆಳಗೊಂದು ಬಂದರೆ ತಪ್ಪಲ್ಲ, ಮೇಲೇ ಮೂರು ಬಂದರೆ ತಪ್ಪು. ಜಾಹೀರಾತಿನ ಪಕ್ಕದ ಮೂರು ಚುಕ್ಕಿ ಒತ್ತಿದರೆ ದುಡ್ಡು ಕೊಟ್ಟವರು ಯಾರು ಅಂತ ತೋರಿಸುತ್ತೆ, ರಿಪೋರ್ಟ್ ಮಾಡುವ ದಾರಿಯೂ ಅಲ್ಲೇ. ಇಲ್ಲಿ ಏಟು ಬಿದ್ದಿರುವುದು ನಿಮ್ಮ ಜೇಬಿಗೆ. ಸ್ವಂತ ಲಾಭಕ್ಕೆ ದೂರು ಕೊಡೋದರಲ್ಲಿ ನಾಚಿಕೆ ಏನಿಲ್ಲ, ಆದರೆ ಅದನ್ನು ಧರ್ಮಯುದ್ಧ ಅಂತ ಕರೆಯಬೇಡಿ.

2,999ರ ಕಥೆ ಬೇರೆ, ಅಲ್ಲಿ ಮೋಸ ಹೋಗುವವನು ಗಿರಾಕಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷದವರೆಗೆ ದಂಡ ಹಾಕಬಹುದು, ಮತ್ತೆ ಮಾಡಿದರೆ 50 ಲಕ್ಷದವರೆಗೆ. ಜಾಹೀರಾತು ಮಾನದಂಡ ಮಂಡಳಿಗೂ (ASCI) ಬರೆಯಬಹುದು. ಗಿರಾಕಿಯಾಗಿ ಬರೆದರೆ ಶುಲ್ಕವಿಲ್ಲ, ಪೈಪೋಟಿದಾರನಾಗಿ ಬರೆದರೆ ಶುಲ್ಕ ಇದೆ. ಶುಲ್ಕ ಉಳಿಸೋಕೆ ಗಿರಾಕಿ ವೇಷ ಹಾಕಬೇಡಿ. ವೇಷ ಹಾಕಿದವನು ಮೂರು ಹೆಸರಿನವನನ್ನು ಹೇಗೆ ಬೈಯೋದು?

ಲೇಬಲ್ ನಕಲಿ ಮಾಲು. ಅದರಲ್ಲಿ ಯೋಚನೆ ಮಾಡೋಕೆ ಏನೂ ಇಲ್ಲ.

ಇನ್ನು ಸಿಟ್ಟಿಗೆ ಅವನ ಜಾಹೀರಾತನ್ನು ಕೂತು ಕ್ಲಿಕ್ ಮಾಡಿ ದುಡ್ಡು ಕರಗಿಸುವವರಿದ್ದಾರೆ. ಅದು ಕಳ್ಳತನ. ಗೂಗಲ್ ಅಂಥ ಕ್ಲಿಕ್ ಹಿಡಿದರೆ ಅವನಿಗೆ ಲೆಕ್ಕ ಹಾಕುವುದೂ ಇಲ್ಲ, ನಿಮ್ಮ ಬೆರಳು ನೋಯೋದಷ್ಟೇ ಬಂತು.

ಕಿನ್ನಾಳದ ಮೊಮ್ಮಗಳು, ಕೊಪ್ಪಳ

ನಮ್ಮ ಕಿನ್ನಾಳದ ಗೊಂಬೆಗೆ ಜಿಐ ಗುರುತು ಇದೆ, ಅಂದರೆ ಊರಿನ ಹೆಸರಿಗೆ ಕಾನೂನಿನ ರಕ್ಷಣೆ. ಆದರೂ ಯಾರೋ ಅಚ್ಚಿನಲ್ಲಿ ಎರಕ ಹೊಯ್ದ ಗೊಂಬೆಯನ್ನು 'ಕಿನ್ನಾಳ ಗೊಂಬೆ' ಅಂತ ಜಾಹೀರಾತು ಹಾಕಿದ್ದರು. ನಾನೇ ಒಂದು ತರಿಸಿ ನೋಡಿದೆ. ನಮ್ಮದು ಹಗುರ ಮರ, ಮೇಲೆ ಹುಣಸೆ ಬೀಜದ ಅಂಟು ಹಾಕಿದ ಕಿಟ್ಟ ಅನ್ನುವ ಲೇಪ, ಆಮೇಲೆ ಬಣ್ಣ. ಇದು ಕೈಯಲ್ಲಿ ಹಿಡಿದರೆ ಕಲ್ಲಿನ ಹಾಗೆ ತಣ್ಣಗೆ, ಭಾರ. ಉಗುರಿನಿಂದ ತಟ್ಟಿದರೆ ಟಣ್ ಅಂತು.

ಮೊದಲು ಫೋನ್ ಮಾಡಿದೆ. ಹೆಸರು ತೆಗೀರಿ ಅಂದೆ. ಒಂದು ವಾರ ಬಿಟ್ಟೆ. ನಗಾಡಿದರು. ಆಮೇಲೆ ಬಿಲ್ಲು, ಫೋಟೋ, ಜಾಹೀರಾತಿನ ಸ್ಕ್ರೀನ್‌ಶಾಟ್ ಎಲ್ಲಾ ಸೇರಿಸಿ ನನ್ನ ಹೆಸರಲ್ಲೇ ದೂರು ಕೊಟ್ಟೆ. ಚಾಡಿ ಅಂದರೆ ಬೆನ್ನ ಹಿಂದೆ ಹೇಳೋದು. ನಾನು ಮುಖಕ್ಕೆ ಹೇಳಿ ಆಮೇಲೆ ಬರೆದೆ, ರಾತ್ರಿ ನಿದ್ದೆ ಬಂತು. ನೀವು ಅವನಿಗೆ ಒಂದು ಮಾತು ಹೇಳಿದ್ದೀರಾ?

ಗಂಗಾವತಿ ಸೀರೆ

ಎಲ್ಲರೂ ದೂರು ಕೊಡಿ ಅಂತಿದ್ದೀರಿ, ಏಟು ತಿಂದವನ ಮಾತೂ ಕೇಳಿ. ದೀಪಾವಳಿಗೆ ಎಂಟು ದಿನ ಇರುವಾಗ ಯಾರೋ ನನ್ನ ಮೇಲೆ ಸುಳ್ಳು ದೂರು ಹಾಕಿದರು. ಫೋಟೋ ಕದ್ದಿದ್ದೇನೆ ಅಂತ! ಆ ಫೋಟೋ ತೆಗೆದದ್ದು ನನ್ನ ಹೆಂಡತಿ, ನಮ್ಮ ಮಾಳಿಗೆ ಮೇಲೆ, ಹಿಂದೆ ಒಣಗಲು ಹಾಕಿದ ಮೆಣಸಿನಕಾಯಿ ಕೂಡ ಕಾಣುತ್ತೆ. ಜಾಹೀರಾತಿನ ಖಾತೆ ನಿಂತಿತು. ಮೇಲ್ಮನವಿ ಹಾಕಿ ವಾಪಸ್ ಸಿಗುವಷ್ಟರಲ್ಲಿ ಹಬ್ಬ ಮುಗಿದಿತ್ತು. ಅದಕ್ಕೇ ಹೇಳೋದು, ಕಣ್ಣಾರೆ ಕಂಡದ್ದನ್ನು ಮಾತ್ರ ಬರೀರಿ. 'ಹಾಗಂತೆ' ಅನ್ನೋದನ್ನು ಬರೀಬೇಡಿ.

ಮತ್ತೆ ಬಳ್ಳಾರಿ ಅಣ್ಣ, ನಿಮ್ಮ ಜಾಹೀರಾತೂ ನೋಡಿದೆ. 'ಬಳ್ಳಾರಿಯ ನಂಬರ್ ಒನ್ ಜೀನ್ಸ್' ಅಂತಿದೆ. ಆ ನಂಬರ್ ಕೊಟ್ಟವರು ಯಾರು?

ನೀಲಿ ಉಗುರು, ಬಳ್ಳಾರಿ

ಗಂಗಾವತಿಯವರೇ, ಸರಿಯಾಗಿ ಬಿತ್ತು. ಆ ಸಾಲು ಬರೆದದ್ದು ನನ್ನ ಭಾಮೈದ, ಆದರೆ ದುಡ್ಡು ಕಟ್ಟಿದವನು ನಾನು. ತೆಗೆದೆ.

ನಿನ್ನೆ ಫಿನಿಶಿಂಗ್ ಕಡೆ ಅವನು ಸಿಕ್ಕಿದ. ಲೇಬಲ್ ಬಿಡಪ್ಪ, ಇಲ್ಲಾಂದ್ರೆ ನಾನೇ ಬರೀತೀನಿ ಅಂದೆ. ಮೊದಲು ಸಿಟ್ಟಾದ. ಆಮೇಲೆ ಚಹಾ ತರಿಸಿದ. ಬಳ್ಳಾರಿ ಹೆಸರು ಹಾಕಿದರೆ ಯಾರು ತಗೋತಾರೆ ಅಂತ ನನ್ನನ್ನೇ ಕೇಳಿದ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ನಾನೂ ಮೊದಲು ಲೇಬಲ್ ಇಲ್ಲದೆ ಮಾಲು ಕಳಿಸಿ ಬೇರೆಯವರ ಹೆಸರಲ್ಲಿ ಮಾರಲು ಬಿಟ್ಟವನೇ.

ಮೂರು ಹೆಸರಿನ ವಿಷಯ ಇವತ್ತೇ ರಿಪೋರ್ಟ್ ಮಾಡಿದೆ, ಅದನ್ನೂ ಅವನಿಗೆ ಹೇಳಿಯೇ ಮಾಡಿದೆ. ಲೇಬಲ್ಲಿಗೆ ಸೋಮವಾರದವರೆಗೆ ಟೈಮ್ ಕೊಟ್ಟಿದ್ದೇನೆ. ಚೀಲ ಇನ್ನೂ ಅಲ್ಲೇ ಇದೆ, ಬಾಯಿ ಮಾತ್ರ ಕಟ್ಟಿದ್ದಾರೆ.