ಜಾವಾ: ಪುಲ್ ಅಪ್ ಮಾಡಿದ ಮೇಲೆ, ಮುಟ್ಟದೇ ಇದ್ದ ಕ್ಲಾಸಿನಲ್ಲಿ ಲೆಕ್ಕ 100 ಪಟ್ಟು ಬರುತ್ತಿದೆ

ಮಲ್ಪೆಬೋಟು:
ಮಾವನ ಬೋಟುಗಳ ಲೆಕ್ಕಕ್ಕೆ ಜಾವಾದಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದಿದ್ದೇನೆ. ಜೂನ್ 1ರಿಂದ 61 ದಿನ ನಮ್ಮ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ ಅಲ್ವಾ, ಈ ರಜೆಯಲ್ಲಿ ಕೋಡ್ ಸ್ವಲ್ಪ ಚೊಕ್ಕ ಮಾಡೋಣ ಅಂತ ಕೂತೆ. 'ಬೋಟು' ಪೇರೆಂಟ್ ಕ್ಲಾಸ್. ಅದರ ಕೆಳಗೆ ಬಲೆಯ ಬಗೆಗೆ ಒಂದೊಂದು ಚೈಲ್ಡ್ ಕ್ಲಾಸ್: 'ಪರ್ಸೀನ್', 'ಟ್ರಾಲ್', ಈಗ ಹೊಸದಾಗಿ 'ಗಿಲ್‌ನೆಟ್'. ಪರ್ಸೀನ್‌ನಲ್ಲಿದ್ದ ಪಾಲು ಹಂಚುವ ಮೆಥಡ್ ಗಿಲ್‌ನೆಟ್‌ಗೂ ಬೇಕಿತ್ತು, ಹಾಗಾಗಿ ಐಡಿಇಯ (ಕೋಡ್ ಬರೆಯುವ ತಂತ್ರಾಂಶದ) ರಿಫ್ಯಾಕ್ಟರ್ ಮೆನುವಿನಲ್ಲಿ, ಅಂದರೆ ಫಲಿತಾಂಶ ಬದಲಾಗದ ಹಾಗೆ ಕೋಡ್ ಚೊಕ್ಕ ಮಾಡುವ ಮೆನುವಿನಲ್ಲಿ, 'ಪುಲ್ ಅಪ್' ಒತ್ತಿ ಅದನ್ನು ಬೋಟು ಕ್ಲಾಸಿಗೆ ಏರಿಸಿದೆ. ಎಚ್ಚರಿಕೆ ಏನೂ ಬರಲಿಲ್ಲ, ಕಂಪೈಲೂ ಆಯಿತು. ನಿನ್ನೆ ಹಳೆಯ ಲೆಕ್ಕದ ಚೀಟಿ ಹಾಕಿ ನೋಡಿದರೆ ಟ್ರಾಲ್ ಬೋಟಿನ ತಂಡೇಲರ (ಬೋಟು ನಡೆಸುವವರ) ಪಾಲು 4,250 ರೂಪಾಯಿ ಇದ್ದದ್ದು 4,25,000 ಆಗಿದೆ! ಹಾಗಾದರೆ ನಾನೇ ತಂಡೇಲ ಆಗುತ್ತೇನೆ ಅಂದರು ಮಾವ. ಏನೇನು ಬದಲಾಗಿದೆ ಅಂತ ತೋರಿಸುವ ಗಿಟ್ ಡಿಫ್ ನೋಡಿದರೆ ಟ್ರಾಲ್ ಫೈಲಿನಲ್ಲಿ ಒಂದಕ್ಷರವೂ ಬದಲಾಗಿಲ್ಲ. ತಲೆ ಕೆಟ್ಟಿದೆ.

ಕದ್ರಿಕೋಡ್:
ಪೇರೆಂಟ್‌ನಲ್ಲಿ ಅದೇ ಹೆಸರಿನ ಮೆಥಡ್ ಮೊದಲೇ ಇತ್ತಾ?

ಮಲ್ಪೆಬೋಟು:
ಇತ್ತು. ಬೋಟು ಕ್ಲಾಸಿನಲ್ಲಿ ಪಾಲು(ಲಾಂಗ್), ಅದಕ್ಕೆ ಮೊತ್ತ ಪೈಸೆಯಲ್ಲಿ ಕೊಡಬೇಕು. (ಇಂಟ್, ಲಾಂಗ್ ಎರಡೂ ಪೂರ್ಣಾಂಕದ ಬಗೆಗಳು, ಲಾಂಗ್‌ನಲ್ಲಿ ಇನ್ನೂ ದೊಡ್ಡ ಸಂಖ್ಯೆ ಹಿಡಿಸುತ್ತದೆ.) ಪರ್ಸೀನ್‌ನಲ್ಲಿದ್ದದ್ದು ಪಾಲು(ಇಂಟ್), ರೂಪಾಯಿಯಲ್ಲಿ ತಗೊಂಡು 100ರಿಂದ ಗುಣಿಸಿ ಮೊದಲನೆಯದಕ್ಕೆ ಕಳಿಸುತ್ತದೆ. ಬೇರೆ ಬೇರೆ ವರ್ಷ ಬರೆದದ್ದು, ಬೈಯಬೇಡಿ.

ಕದ್ರಿಕೋಡ್:
ಸಿಕ್ಕಿತು ಮಾರಾಯ್ರೆ. ಟ್ರಾಲ್‌ನಲ್ಲಿ ಪೈಸೆಯನ್ನು ಇಂಟ್ ವೇರಿಯಬಲ್‌ನಲ್ಲಿ ಇಟ್ಟಿರುತ್ತೀರಿ, ನೋಡಿ. ಮೊದಲು ಟ್ರಾಲ್‌ಗೆ ಕಾಣುತ್ತಿದ್ದದ್ದು ಪಾಲು(ಲಾಂಗ್) ಒಂದೇ, ಹಾಗಾಗಿ ಜಾವಾ ಸುಮ್ನೆ ಇಂಟನ್ನು ಲಾಂಗ್ ಮಾಡಿ ಅದಕ್ಕೇ ಕೊಡುತ್ತಿತ್ತು. ಈಗ ಪಾಲು(ಇಂಟ್) ಕೂಡ ಮೇಲೆ ಬಂದು ಕೂತಿದೆ. ಎರಡೂ ಹೊಂದುವಾಗ ಕಂಪೈಲರ್ ಹಿಡಿಯುವುದು ಇಂಟ್ ಇರುವುದನ್ನೇ. ನಿಮ್ಮ ಪೈಸೆ ರೂಪಾಯಿ ಆಗಿ ಹೋಯಿತು.

ಪುಲ್ ಅಪ್ ಅನ್‌ಡೂ ಮಾಡಿ. ಪರ್ಸೀನ್‌ನಲ್ಲಿರುವಾಗಲೇ ಮೆಥಡ್ಡಿಗೆ ಪಾಲುರೂಪಾಯಿ ಅಂತ ಹೆಸರು ಬದಲಿಸಿ, ಆ ಹೆಸರು ಬೇರೆ ಯಾವ ಕ್ಲಾಸಿನಲ್ಲೂ ಇಲ್ಲ ಅಂತ ಹುಡುಕಿ ನೋಡಿ, ಆಮೇಲೆ ಏರಿಸಿ.

ಮಣಿಪಾಲ_ರಾತ್ರಿಪಾಳಿ:
@ಓವರ್‌ರೈಡ್ (ಇದು ಪೇರೆಂಟ್‌ನ ಮೆಥಡ್ಡನ್ನೇ ಬದಲಿಸಿ ಬರೆದದ್ದು ಅನ್ನುವ ಗುರುತು) ಹಾಕಿದ್ದರೆ ಮೊದಲೇ ಸಿಗುತ್ತಿತ್ತು.

ಕದ್ರಿಕೋಡ್:
ಇಲ್ಲಿ ಇಲ್ಲ. ಅವರು ಬರೆದದ್ದು ಓವರ್‌ಲೋಡ್ (ಹೆಸರು ಒಂದೇ, ತಗೊಳ್ಳುವ ಬಗೆ ಬೇರೆ), ಅದಕ್ಕೆ @ಓವರ್‌ರೈಡ್ ಹಾಕಿದರೆ ಕಂಪೈಲೇ ಆಗುವುದಿಲ್ಲ. ಪೇರೆಂಟ್ ಮೆಥಡ್ಡಿನ ಹೆಸರು ಮಾತ್ರ ಬದಲಾಗಿ ಚೈಲ್ಡ್‌ನದ್ದು ಹಾಗೇ ಉಳಿದರೆ ಆಗ ಅದು ಕಾಪಾಡುತ್ತದೆ.

ಮಣಿಪಾಲ_ರಾತ್ರಿಪಾಳಿ:
ಹೌದು, ನಂದು ತಪ್ಪು. ಆದರೂ ಟೂಲ್ ಹೇಳಬೇಕಿತ್ತಲ್ವಾ? ಯಾವ ರಿಫ್ಯಾಕ್ಟರಿಂಗಿಗೆ ಮುಂಚೆ ಏನೇನು ಪರೀಕ್ಷಿಸಬೇಕು ಅಂತ ವಿಲಿಯಂ ಒಪ್ಡೈಕ್ 1992ರ ಪಿಎಚ್‌ಡಿ ಪ್ರಬಂಧದಲ್ಲೇ ಬರೆದಿದ್ದರು. ಪಕ್ಕದ ಕ್ಲಾಸಿನ ಕರೆ ಈಗಲೂ ಹಳೇ ಮೆಥಡ್ಡಿಗೇ ಹೋಗುತ್ತದಾ ಅಂತ ಇವರ ಐಡಿಇ ನೋಡಲೇ ಇಲ್ಲ. ಕಂಪೈಲರ್‌ಗೆ ಎರಡೂ ಸರಿ, ಅದು ಯಾಕೆ ಬಾಯಿ ಬಿಡುತ್ತದೆ! ಮೆನು ಒತ್ತುವ ಮೊದಲು ಹಳೆಯ ಹತ್ತಿಪ್ಪತ್ತು ಚೀಟಿಗಳನ್ನು ಟೆಸ್ಟ್ ಮಾಡಿ ಇಟ್ಟುಕೊಳ್ಳಿ. ಮೆಥಡ್ ಹೆಸರನ್ನು ಸ್ಟ್ರಿಂಗ್ ಆಗಿ ಕೊಟ್ಟು ರಿಫ್ಲೆಕ್ಷನ್‌ನಲ್ಲಿ ಕರೆದಿದ್ದರೆ ಅದನ್ನೂ ಕೈಯಲ್ಲೇ ಹುಡುಕಬೇಕು, ರೀನೇಮ್ ಅದನ್ನು ಬಿಟ್ಟು ಹೋಗಬಹುದು.

ಮಲ್ಪೆಬೋಟು:
ಆಯಿತು, 4,250ಕ್ಕೆ ಬಂತು. ರಿಫ್ಲೆಕ್ಷನ್ ಎಲ್ಲ ನನ್ನ ಹತ್ತಿರ ಇಲ್ಲ. ಕಳೆದ ವರ್ಷದ 20 ಚೀಟಿ ಟೆಸ್ಟ್‌ಗೆ ಹಾಕಿದೆ, ಎಲ್ಲ ಸರಿ ಬಂತು. ಮಾವ ಮಾತ್ರ ಅದೇ 20 ಚೀಟಿಯನ್ನು ಕ್ಯಾಲ್ಕುಲೇಟರ್ ಹಿಡಿದು ಇನ್ನೊಮ್ಮೆ ಕೂಡಿಸುತ್ತಿದ್ದಾರೆ.